ಮನೆಗೆ ಬಂದ ಪ್ರೋಗ್ರಾಮಿಂಗ್: ಒಂದು ಬ್ರಿಟಿಷ್ ಸಂಸ್ಥೆಯ ಚರಿತ್ರೆಯಿಂದ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ಲೆಚ್‌ಲಿ ಪಾರ್ಕಿನ ಕೊಲೊಸಸ್ ಗಣಕಯಂತ್ರಗಳನ್ನು ನಡೆಸಿದವರು ಬ್ರಿಟಿಷ್ ನೌಕಾಪಡೆಯ ಮಹಿಳಾ ವಿಭಾಗದ ತರುಣಿಯರು. ಆದುದರಿಂದ ಗಣಕ ಕ್ಷೇತ್ರಕ್ಕೆ ಬಂದ ಮಹಿಳೆಯರು ಅಲ್ಲಿ ಏಕೆ ಉಳಿಯಲಿಲ್ಲವೆಂಬುದೇ ಚರಿತ್ರಕಾರರ ಮುಂದಿರುವ ಪ್ರಶ್ನೆ. ವಿವಾಹಿತೆಯರು ನೌಕರಿ ಬಿಡಬೇಕೆಂಬ ನಿಯಮ ಅಲ್ಲಿನ ಸಿವಿಲ್ ಸರ್ವಿಸ್ಸಿನಲ್ಲಿ 1946ರಲ್ಲಿ ರದ್ದಾಯಿತು. ರೂಢಿ ಮಾತ್ರ ಮುಂದುವರಿಯಿತು.

ಈ ರೂಢಿಗೆ ಎದುರು ನಿಂತವರಲ್ಲಿ ಸ್ಟೆಫನಿ ಶರ್ಲಿ ಪ್ರಮುಖರು. 1933ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಯಹೂದಿ ನ್ಯಾಯಾಧೀಶರೊಬ್ಬರ ಮಗಳಾಗಿ ಜನಿಸಿದ ಅವರು, 1939ರಲ್ಲಿ ನಿರಾಶ್ರಿತ ಮಕ್ಕಳ ರೈಲಿನಲ್ಲಿ ಇಂಗ್ಲೆಂಡಿಗೆ ಬಂದರು. ಕೊಲೊಸಸ್ ನಿರ್ಮಾಣವಾದ ಡಾಲಿಸ್ ಹಿಲ್ ಅಂಚೆ ಸಂಶೋಧನಾ ಕೇಂದ್ರದಲ್ಲಿಯೇ ಅವರು ನೌಕರಿ ಆರಂಭಿಸಿದರು. ಬಡ್ತಿಯ ದಾರಿ ಮುಚ್ಚಿರುವುದನ್ನು ಕಂಡು, 1962ರಲ್ಲಿ 6 ಪೌಂಡ್ ಬಂಡವಾಳದಿಂದ ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಸಂಸ್ಥೆಯನ್ನು ಸ್ಥಾಪಿಸಿದರು. ಹೆಣ್ಣಿನ ಹೆಸರಿನ ಪತ್ರಗಳಿಗೆ ಉತ್ತರ ಬಾರದಿದ್ದಾಗ ‘ಸ್ಟೀವ್’ ಎಂದು ಸಹಿ ಮಾಡತೊಡಗಿದರು.

ಮದುವೆ, ಮಕ್ಕಳ ಕಾರಣಕ್ಕೆ ನೌಕರಿ ತೊರೆದಿದ್ದ ನುರಿತ ಮಹಿಳೆಯರೇ ಸಂಸ್ಥೆಯ ಬಲವಾಗಿದ್ದರು. ಅಂದಿನ ಪ್ರೋಗ್ರಾಮಿಂಗಿಗೆ ಮನೆಯಲ್ಲಿ ಬೇಕಾದುದು ಪೆನ್ಸಿಲು, ಕಾಗದ, ದೂರವಾಣಿ ಇಷ್ಟೇ. ಬರೆದ ಸಂಕೇತಗಳನ್ನು ಬಳಿಕ ಬೇರೆಡೆ ಪಂಚ್ ಮಾಡಲಾಗುತ್ತಿತ್ತು. ಕಾಂಕಾರ್ಡ್ ವಿಮಾನದ ಬ್ಲಾಕ್ ಬಾಕ್ಸಿಗೆ ಸಂಬಂಧಿಸಿದ ಪ್ರೋಗ್ರಾಮುಗಳೂ ಹೀಗೆಯೇ ಸಿದ್ಧವಾದವು. ಆದರೂ ದೂರವಾಣಿಯಲ್ಲಿ ಮಗುವಿನ ಅಳು ಕೇಳಿಸದಿರಲೆಂದು ಶರ್ಲಿ ಟೈಪ್‌ರೈಟರಿನ ಸದ್ದಿನ ಧ್ವನಿಮುದ್ರಿಕೆಯನ್ನು ಹಾಕುತ್ತಿದ್ದರು. ದುಡಿಮೆ ಮನೆಯೊಳಕ್ಕೆ ಬಂದಿತ್ತು. ಗ್ರಾಹಕರ ಮುಂದೆ ಮನೆಯನ್ನು ಮಾತ್ರ ಮರೆಮಾಚಬೇಕಾಗಿತ್ತು.

1975ರ ಲಿಂಗತಾರತಮ್ಯ ನಿಷೇಧ ಕಾಯಿದೆ ಒಂದು ವಿಪರ್ಯಾಸವನ್ನು ತಂದಿತು. ಸಮಾನತೆಗಾಗಿ ರೂಪುಗೊಂಡ ಕಾನೂನಿನ ಕಾರಣದಿಂದಲೇ ಕೆಲಸದಲ್ಲಿ ಮಹಿಳೆಯರಿಗೆ ಆದ್ಯತೆ ಕೊಡುವ ಸಂಸ್ಥೆಯ ನೀತಿ ಅಸಿಂಧುವಾಯಿತು. ಆಗ ಸಂಸ್ಥೆಯ ಧ್ಯೇಯದಲ್ಲಿ ‘ಮಹಿಳೆಯರು’ ಎಂದಿದ್ದೆಡೆ ‘ಅವಲಂಬಿತರನ್ನು ಹೊಂದಿದವರು’ ಎಂಬ ಮಾತು ಬಂದಿತು. ಈ ಬದಲಾವಣೆಯಲ್ಲಿ ಒಂದು ಸತ್ಯವೂ ಹೊರಬಿದ್ದಿತು: ಸಂಸ್ಥೆ ಮೊದಲಿನಿಂದಲೂ ಪರಿಹಾರ ಹುಡುಕಿದ್ದು ಆರೈಕೆಯ ಹೊಣೆಗೂ ಕಚೇರಿಯ ಗಡಿಯಾರಕ್ಕೂ ನಡುವಿನ ಘರ್ಷಣೆಗೆ.

ಭಾರತದ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯಿದೆ (2017) ಮೊದಲೆರಡು ಮಕ್ಕಳಿಗೆ 26 ವಾರಗಳ ರಜೆಯನ್ನೂ, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನೂ ವಿಧಿಸಿತು. ರಜೆಯ ಬಳಿಕ ಮನೆಯಿಂದ ದುಡಿಯುವುದನ್ನು ಮಾತ್ರ ಮಾಲೀಕ-ನೌಕರರ ಪರಸ್ಪರ ಒಪ್ಪಿಗೆಗೆ ಬಿಟ್ಟಿತು. ಶರ್ಲಿಯವರು ಸಂಸ್ಥೆಯ ಅಡಿಪಾಯವಾಗಿಸಿದ್ದ ವ್ಯವಸ್ಥೆ ಇಲ್ಲಿ ಇನ್ನೂ ಕೇಳಿ ಪಡೆಯಬೇಕಾದ ರಿಯಾಯಿತಿಯಾಗಿಯೇ ಉಳಿದಿದೆ.