ಸರ್ವರ್ ಗ್ರಾಫಿಕ್ಸ್ ಕಾರ್ಡ್: ಹಣ ಕೊಡುವ ಮೊದಲು ಸ್ಪೆಸಿಫಿಕೇಶನ್ ಶೀಟ್ ಓದುವುದು ಹೇಗೆ?

ಕುಂಬಳೆ ಸಮೀಪದ ಅನಂತಪುರ ಅಂದ್ರೆ ಹೊರಗಿನವರಿಗೆ ನೆನಪಾಗುವುದು ಸರೋವರದ ನಡುವಿನ ದೇವಸ್ಥಾನ. ಊರಿನವರಿಗೆ ಅದರ ಜೊತೆಗೆ ಕೈಗಾರಿಕಾ ಎಸ್ಟೇಟ್, ಪ್ಲೈವುಡ್ ಫ್ಯಾಕ್ಟರಿಗಳೂ ಉಂಟು. ಈ ಭಾಗದ ಮಕ್ಕಳು ಈಗ ಕಂಪ್ಯೂಟರ್ ಸೈನ್ಸ್, ಡೇಟಾ ಸೈನ್ಸ್, ಎಐ ಅಂತ ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿಗೋ ಮಂಗಳೂರಿನ ಕಾಲೇಜುಗಳಿಗೋ ಹೋಗುತ್ತಾರೆ. ಕೊನೆಯ ವರ್ಷದ ಪ್ರಾಜೆಕ್ಟ್ ಬಂದಾಗ ಮನೆಯಲ್ಲಿ ಒಂದು ಮಾತು ಏಳುತ್ತದೆ: "ಒಂದು ಜಿಪಿಯು ಬೇಕು". ಗಲ್ಫ್‌ನಲ್ಲಿರುವ ಅಣ್ಣನಿಗೋ ಮಾವನಿಗೋ ಫೋನ್ ಹೋಗುತ್ತದೆ. ಆನ್‌ಲೈನ್‌ನಲ್ಲಿ ಹುಡುಕಿದರೆ 24 ಜಿಬಿ ಮೆಮೊರಿಯ ಹಳೆ ಸರ್ವರ್ ಕಾರ್ಡ್, ಗೇಮಿಂಗ್ ಕಾರ್ಡ್‌ಗಿಂತ ಎಷ್ಟೋ ಕಡಿಮೆ ಬೆಲೆಗೆ ಕಾಣುತ್ತದೆ. ಲಾಭದ ವ್ಯಾಪಾರ ಅಂತ ಅನಿಸುತ್ತದೆ. ಆದರೆ ಅದು ಯಾಕೆ ಅಷ್ಟು ಅಗ್ಗ ಎಂಬುದಕ್ಕೆ ಉತ್ತರ ಅದರ ಸ್ಪೆಸಿಫಿಕೇಶನ್ ಶೀಟ್‌ನಲ್ಲೇ ಇರುತ್ತದೆ, ಓದಲು ಗೊತ್ತಿದ್ದರೆ.

ಉದಾಹರಣೆಗೆ ಎನ್‌ವಿಡಿಯಾ ಕಂಪೆನಿಯ ಟಿ4 ಎಂಬ ಕಾರ್ಡನ್ನೇ ತೆಗೆದುಕೊಳ್ಳಬಹುದು. 2018ರಲ್ಲಿ ಬಂದ ಈ ಕಾರ್ಡನ್ನು ಕಣ್ಣಲ್ಲಿ ನೋಡದಿದ್ದರೂ ಎಐ ಕಲಿಯುವ ಬಹುತೇಕ ವಿದ್ಯಾರ್ಥಿಗಳು ಬಳಸಿಯೇ ಇರುತ್ತಾರೆ. ಯಾಕೆಂದರೆ ಗೂಗಲ್ ಕೊಲ್ಯಾಬ್‌ನಲ್ಲಿ ಉಚಿತವಾಗಿ ಸಿಗುವ ಜಿಪಿಯು ಸಾಮಾನ್ಯವಾಗಿ ಇದೇ. ಇದರ ಶೀಟ್ ಹೀಗಿದೆ: 2,560 ಕ್ಯೂಡಾ ಕೋರ್, 320 ಟೆನ್ಸರ್ ಕೋರ್, 16 ಜಿಬಿ ಜಿಡಿಡಿಆರ್6 ಮೆಮೊರಿ, ಸೆಕೆಂಡಿಗೆ 300 ಜಿಬಿ ಆಸುಪಾಸಿನ ಬ್ಯಾಂಡ್‌ವಿಡ್ತ್, ಎಫ್‌ಪಿ32ರಲ್ಲಿ 8.1 ಟೆರಾಫ್ಲಾಪ್ಸ್, ಎಫ್‌ಪಿ16ರಲ್ಲಿ 65, ವಿದ್ಯುತ್ ಬಳಕೆ 70 ವ್ಯಾಟ್, ಕೂಲಿಂಗ್ ಪ್ಯಾಸಿವ್.

ಮೊದಲು ನೋಡಬೇಕಾದದ್ದು ಮೆಮೊರಿ

ಅಂಗಡಿಯವರು ಹೆಚ್ಚಾಗಿ ಕೋರ್‌ಗಳ ಲೆಕ್ಕ ಹೇಳುತ್ತಾರೆ. ಎಐ ಕೆಲಸಕ್ಕೆ ಮೊದಲು ಬೇಕಾದ ಲೆಕ್ಕ ಅದಲ್ಲ. ಮಾಡೆಲ್ ಕಾರ್ಡ್‌ನ ಮೆಮೊರಿಯಲ್ಲಿ ಹಿಡಿಯುತ್ತದೋ ಇಲ್ಲವೋ ಎಂಬುದೇ ಮೊದಲ ಪ್ರಶ್ನೆ. ಹಿಡಿಯದಿದ್ದರೆ ಕೋರ್ ಎಷ್ಟಿದ್ದೂ ದಂಡ.

ಲೆಕ್ಕ ಸುಲಭ. 700 ಕೋಟಿ ಪ್ಯಾರಾಮೀಟರ್‌ಗಳ ಮಾಡೆಲ್, ಅಂದ್ರೆ ಎಲ್ಲರೂ '7ಬಿ' ಅಂತ ಕರೆಯುವಂಥದ್ದು, ಎಫ್‌ಪಿ16ರಲ್ಲಿ ಒಂದೊಂದು ಪ್ಯಾರಾಮೀಟರ್‌ಗೆ 2 ಬೈಟ್ ತೆಗೆದುಕೊಳ್ಳುತ್ತದೆ. ಒಟ್ಟು 14 ಜಿಬಿ. ಟಿ4ನ 16 ಜಿಬಿಯಲ್ಲಿ ಇದು ಹಿಡಿದಂತೆ ಕಾಣುತ್ತದೆ. ಆದರೆ ಕೊಲ್ಯಾಬ್ ತೆರೆದು ನೋಡಿದರೆ ತೋರಿಸುವುದು 15 ಜಿಬಿ ಮಾತ್ರ. ಉಳಿದ ಒಂದು ಜಿಬಿ ಎಲ್ಲಿಗೆ ಹೋಯಿತು? ಅದು ಇಸಿಸಿ ಎಂಬ ವ್ಯವಸ್ಥೆಗೆ ಹೋಗುತ್ತದೆ. ಮೆಮೊರಿಯಲ್ಲಿ ಯಾವುದಾದರೂ ಬಿಟ್ ತಪ್ಪಾಗಿ ಬದಲಾದರೆ ಹಿಡಿದು ಸರಿಪಡಿಸಲು ಈ ಕಾರ್ಡ್ ತನ್ನ ಮೆಮೊರಿಯ ಹದಿನಾರರಲ್ಲಿ ಒಂದು ಭಾಗವನ್ನು ತೆಗೆದಿಡುತ್ತದೆ. ಮನೆಯಲ್ಲಿ ಗೇಮ್ ಆಡುವವರಿಗೆ ಒಂದು ಬಿಟ್ ತಪ್ಪಿದರೆ ಪರದೆಯ ಮೇಲೆ ಒಂದು ಚುಕ್ಕೆ ಬಣ್ಣಗೆಡಬಹುದು, ಅಷ್ಟೇ. ದಿನಗಟ್ಟಲೆ ಓಡುವ ಲೆಕ್ಕಾಚಾರದಲ್ಲಿ ಅದೇ ತಪ್ಪು ಇಡೀ ಫಲಿತಾಂಶ ಕೆಡಿಸಬಹುದು. ಸರ್ವರ್ ಕಾರ್ಡ್‌ಗೆ ಹೆಚ್ಚು ಬೆಲೆ ಇರುವುದರಲ್ಲಿ ಇದೂ ಒಂದು ಕಾರಣ.

ಹಾಗಾಗಿ ನಿಜವಾಗಿ ಸಿಗುವುದು 15 ಜಿಬಿ, ಮಾಡೆಲ್‌ಗೆ 14 ಹೋದರೆ ಸಂಭಾಷಣೆ ಉದ್ದವಾದಂತೆ ಬೇಕಾಗುವ ಮೆಮೊರಿಗೆ ಜಾಗವೇ ಇಲ್ಲ. ಅದಕ್ಕೇ 4 ಬಿಟ್‌ಗೆ ಇಳಿಸಿ ಬಳಸುತ್ತಾರೆ. ಆಗ 14 ಜಿಬಿಯ ಮಾಡೆಲ್ 3.5 ಜಿಬಿಗೆ ಬರುತ್ತದೆ, ಗುಣಮಟ್ಟ ಸ್ವಲ್ಪ ಇಳಿದರೂ ಕೆಲಸ ನಡೆಯುತ್ತದೆ. ಕನ್ನಡ ಮಾತನ್ನು ಬರಹಕ್ಕಿಳಿಸಲು ಬಳಸುವ ವಿಸ್ಪರ್‌ನ ಲಾರ್ಜ್ ಮಾಡೆಲ್‌ನಲ್ಲಿ ಇರುವುದು ಸುಮಾರು 155 ಕೋಟಿ ಪ್ಯಾರಾಮೀಟರ್. ಅದಕ್ಕೆ ಟಿ4 ಧಾರಾಳ ಸಾಕು. ಅಜ್ಜಿಯರ ಬಾಯಿಂದ ಬ್ಯಾರಿ ಗಾದೆ, ಹಾಡು ರೆಕಾರ್ಡ್ ಮಾಡಿ ಭಾಷೆಗೊಂದು ಡೇಟಾಸೆಟ್ ಕಟ್ಟಬೇಕು ಎಂದುಕೊಂಡವರಿಗೂ ಮೊದಲ ಹಂತಕ್ಕೆ ಇಷ್ಟೇ ಸಾಕು, ಲಕ್ಷಗಟ್ಟಲೆಯ ಕಾರ್ಡ್ ಬೇಡ.

ಬ್ಯಾಂಡ್‌ವಿಡ್ತ್ ಎಂಬ ಕಾಣದ ಸಾಲು

ಮೆಮೊರಿ ಎಷ್ಟಿದೆ ಎಂಬುದು ಟ್ಯಾಂಕಿಯ ಗಾತ್ರವಾದರೆ ಬ್ಯಾಂಡ್‌ವಿಡ್ತ್ ಅದರಿಂದ ಹೊರಡುವ ಪೈಪ್‌ನ ದಪ್ಪ. ಭಾಷಾ ಮಾಡೆಲ್ ಒಂದೊಂದು ಪದದ ತುಣುಕು ಬರೆಯುವಾಗಲೂ ತನ್ನ ಎಲ್ಲ ಪ್ಯಾರಾಮೀಟರ್‌ಗಳನ್ನು ಒಮ್ಮೆ ಓದಬೇಕು. 14 ಜಿಬಿಯ ಮಾಡೆಲ್, ಸೆಕೆಂಡಿಗೆ 300 ಜಿಬಿ ಓದುವ ಕಾರ್ಡ್. ಭಾಗಿಸಿದರೆ ಸೆಕೆಂಡಿಗೆ ಹೆಚ್ಚೆಂದರೆ 21 ತುಣುಕು. ಎ100 ಎಂಬ ದೊಡ್ಡ ಕಾರ್ಡ್‌ನ 80 ಜಿಬಿ ಆವೃತ್ತಿಯಲ್ಲಿ ಎಚ್‌ಬಿಎಂ ಮೆಮೊರಿ ಇದೆ, ಸೆಕೆಂಡಿಗೆ ಸುಮಾರು 2,000 ಜಿಬಿ ಓದುತ್ತದೆ. ಅದೇ ಲೆಕ್ಕದಲ್ಲಿ 140 ದಾಟುತ್ತದೆ. ಟೆರಾಫ್ಲಾಪ್ಸ್ ನೋಡಿ ಖರೀದಿಸಿದವರು ಬೇಸರಪಡುವುದು ಹೆಚ್ಚಾಗಿ ಇಲ್ಲೇ.

ಟಿ4ನ ನಂತರ 2023ರಲ್ಲಿ ಬಂದ ಎಲ್4 ಕಾರ್ಡ್ ಇದಕ್ಕೆ ಒಳ್ಳೆಯ ಸಾಕ್ಷಿ. ಎಫ್‌ಪಿ32 ಲೆಕ್ಕದಲ್ಲಿ ಅದು 30 ಟೆರಾಫ್ಲಾಪ್ಸ್, ಟಿ4ಗಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಮೆಮೊರಿ 24 ಜಿಬಿ. ವಿದ್ಯುತ್ ಮಾತ್ರ 72 ವ್ಯಾಟ್, ಹೆಚ್ಚುಕಡಿಮೆ ಅಷ್ಟೇ. ಆದರೆ ಬ್ಯಾಂಡ್‌ವಿಡ್ತ್? ಸೆಕೆಂಡಿಗೆ 300 ಜಿಬಿ. ಐದು ವರ್ಷವಾದರೂ ಪೈಪ್ ದಪ್ಪ ಆಗಲಿಲ್ಲ. ಚಿತ್ರ, ವೀಡಿಯೊ ಕೆಲಸಕ್ಕೆ ಎಲ್4 ಬಹಳ ಮುಂದೆ. ಒಬ್ಬನೇ ಕೂತು ಚಾಟ್ ಮಾಡುವ ಮಾಡೆಲ್‌ಗೆ ಅಷ್ಟೇನೂ ಅಲ್ಲ.

ಟೆರಾಫ್ಲಾಪ್ಸ್‌ನ ಪಕ್ಕದ ಸಣ್ಣ ನಕ್ಷತ್ರ

ಒಂದೇ ಕಾರ್ಡ್‌ಗೆ ಶೀಟ್‌ನಲ್ಲಿ ನಾಲ್ಕೈದು ಬೇರೆ ಬೇರೆ ವೇಗ ಬರೆದಿರುತ್ತಾರೆ. ಇದರಲ್ಲಿ ಸುಳ್ಳಿಲ್ಲ. ಸಂಖ್ಯೆಯನ್ನು ಎಷ್ಟು ನಿಖರವಾಗಿ ಹಿಡಿಯಬೇಕು ಎಂಬುದರ ಮೇಲೆ ವೇಗ ನಿಂತಿದೆ. ಎಫ್‌ಪಿ64 ಅತಿ ನಿಖರ, ಹವಾಮಾನ ಮುನ್ಸೂಚನೆ, ಇಂಜಿನಿಯರಿಂಗ್ ಸಿಮ್ಯುಲೇಶನ್‌ಗೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್‌ನಲ್ಲಿ ವಿ100 ಕಾರ್ಡ್‌ಗಳಿರುವುದು ಅಂಥ ಕೆಲಸಕ್ಕೆ. ಎ100 ಎಫ್‌ಪಿ64ರಲ್ಲಿ 9.7 ಟೆರಾಫ್ಲಾಪ್ಸ್ ಕೊಟ್ಟರೆ ಟಿ4 ಕೊಡುವುದು ಒಂದರ ಕಾಲು ಭಾಗ. ಎಐ ಕಲಿಯುವವರು ಈ ಸಾಲನ್ನು ದಾಟಿ ಹೋಗಬಹುದು. ಅವರಿಗೆ ಬೇಕಾದದ್ದು ಎಫ್‌ಪಿ16, ಬಿಎಫ್16, ಐಎನ್‌ಟಿ8.

ಹೊಸ ಕಾರ್ಡ್‌ಗಳ ಶೀಟ್‌ನಲ್ಲಿ ದೊಡ್ಡ ಸಂಖ್ಯೆಯ ಪಕ್ಕ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಸ್ಪಾರ್ಸಿಟಿ ಸಹಿತ' ಅಂತ ಬರೆದಿರುತ್ತದೆ. ಮಾಡೆಲ್‌ನ ಪ್ರತಿ ನಾಲ್ಕು ಸಂಖ್ಯೆಗಳಲ್ಲಿ ಎರಡು ಸೊನ್ನೆ ಇದ್ದರೆ ಮಾತ್ರ ಸಿಗುವ ವೇಗ ಅದು. ಸಾಮಾನ್ಯ ಮಾಡೆಲ್‌ಗಳು ಹಾಗಿರುವುದಿಲ್ಲ. ಎಲ್4ಗೆ ಎಫ್‌ಪಿ16ರಲ್ಲಿ 242 ಅಂತ ಇದ್ದರೆ ನಿಜವಾಗಿ 121. ಎಚ್100ಗೆ 1,979 ಅಂತ ಕಂಡರೆ 990ರ ಹತ್ತಿರ. ನಕ್ಷತ್ರ ಕಂಡಲ್ಲಿ ಅರ್ಧ ಮಾಡಿಕೊಂಡು ಓದುವುದೇ ಸರಿ.

ಪಟ್ಟಿಯಲ್ಲಿ ಸುಲಭಕ್ಕೆ ಕಾಣದ ಇನ್ನೊಂದು ಸಂಖ್ಯೆ ಉಂಟು, ಕಂಪ್ಯೂಟ್ ಕೇಪಬಿಲಿಟಿ. ಇದು ಕಾರ್ಡ್‌ನ ತಲೆಮಾರು ಹೇಳುತ್ತದೆ. ಟಿ4ಗೆ 7.5, ಎ100ಗೆ 8.0, ಎಲ್4ಗೆ 8.9. ಬಿಎಫ್16 ಎಂಬ ಸಂಖ್ಯಾ ರೂಪ ಹಾರ್ಡ್‌ವೇರ್‌ನಲ್ಲೇ ಸಿಗುವುದು 8.0ರಿಂದ. ಇಂಟರ್ನೆಟ್‌ನಿಂದ ತಂದ ಫೈನ್‌ಟ್ಯೂನಿಂಗ್ ಕೋಡ್ ಟಿ4ನಲ್ಲಿ ಎರರ್ ಕೊಟ್ಟರೆ ಅಥವಾ ತೀರಾ ನಿಧಾನವಾದರೆ ಬಹಳ ಸಲ ಕಾರಣ ಇದೇ ಆಗಿರುತ್ತದೆ. ಕೋಡ್‌ನಲ್ಲಿ ಎಫ್‌ಪಿ16 ಅಂತ ಬದಲಿಸಿದರೆ ಓಡುತ್ತದೆ.

ಫ್ಯಾನ್ ಇಲ್ಲ, ಮಾನಿಟರ್ ಪಾಯಿಂಟೂ ಇಲ್ಲ

'ಪ್ಯಾಸಿವ್' ಎಂಬ ಒಂದೇ ಪದವನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳದೆ ಹಾಳಾದ ಹಣಕ್ಕೆ ಲೆಕ್ಕವಿಲ್ಲ. ಕಾರ್ಡ್‌ನಲ್ಲಿ ಫ್ಯಾನ್ ಇಲ್ಲ ಎಂದು ಅದರ ಅರ್ಥ, ಬಿಸಿಯಾಗುವುದಿಲ್ಲ ಎಂದಲ್ಲ. ಡೇಟಾ ಸೆಂಟರ್‌ನಲ್ಲಿ ಸರ್ವರ್ ಪೆಟ್ಟಿಗೆಯ ಫ್ಯಾನ್‌ಗಳೇ ಬಿರುಗಾಳಿಯಂತೆ ಗಾಳಿಯನ್ನು ಈ ಕಾರ್ಡ್‌ನ ಒಳಗಿಂದ ತಳ್ಳುತ್ತವೆ. ಕೋಣೆ ಎಸಿಯಲ್ಲಿ ತಣ್ಣಗಿರುತ್ತದೆ. ಅದೇ ಕಾರ್ಡನ್ನು ಮನೆಯ ಸಾಧಾರಣ ಕ್ಯಾಬಿನೆಟ್‌ಗೆ ಹಾಕಿ, ಎಪ್ರಿಲ್ ತಿಂಗಳ ಕರಾವಳಿ ಸೆಕೆಯಲ್ಲಿ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಬಿಸಿಯೇರಿ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಆಮೇಲೆ ಬಂದ್. ಹಿಂದೆ ಬ್ಲೋವರ್ ಕಟ್ಟಿ ಓಡಿಸುವವರು ಇದ್ದಾರೆ. ಸದ್ದು ಮಾತ್ರ ಮಿಕ್ಸಿಯದ್ದೇ. ಫ್ಯಾಕ್ಟರಿ ಪಕ್ಕದ ಮನೆಯಾದರೆ ಮರದ ಹುಡಿ ಹೀಟ್‌ಸಿಂಕ್‌ನ ಸಂದಿಗಳಲ್ಲಿ ಕೂರುತ್ತದೆ, ಅದನ್ನೂ ಆಗಾಗ ತೆಗೆಯಬೇಕು.

ಈ ಕಾರ್ಡ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ಇರುವುದಿಲ್ಲ. ಮಾನಿಟರ್‌ಗೆ ಬೇರೆ ದಾರಿ ಬೇಕು, ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇರಬೇಕು ಅಥವಾ ಇನ್ನೊಂದು ಸಣ್ಣ ಕಾರ್ಡ್ ಹಾಕಬೇಕು. ಗೇಮ್ ಆಡಬಹುದು ಎಂದುಕೊಂಡು ತಂದರೆ ನಿರಾಸೆಯೇ.

ವಿದ್ಯುತ್ ಲೆಕ್ಕವೂ ಹಾಗೆಯೇ. 250 ವ್ಯಾಟ್‌ನ ಕಾರ್ಡ್ ದಿನವಿಡೀ ಪೂರ್ಣ ಶಕ್ತಿಯಲ್ಲಿ ಓಡಿದರೆ 6 ಯೂನಿಟ್, ತಿಂಗಳಿಗೆ 180 ಯೂನಿಟ್. ಇದು ಕಾರ್ಡ್ ಒಂದರದ್ದು, ಕಂಪ್ಯೂಟರ್‌ನ ಉಳಿದ ಭಾಗ ಬೇರೆ. ಕೇರಳದಲ್ಲಿ ಮನೆಬಳಕೆಯ ಸರಾಸರಿ ತಿಂಗಳಿಗೆ 250 ಯೂನಿಟ್ ದಾಟಿದರೆ ಹಂತ ಹಂತದ ರಿಯಾಯಿತಿ ದರ ಹೋಗಿ ಮೊದಲ ಯೂನಿಟ್‌ನಿಂದಲೇ ಒಂದೇ ಹೆಚ್ಚಿನ ದರ ಬೀಳುತ್ತದೆ. ಎರಡು ತಿಂಗಳಿಗೊಮ್ಮೆ ಬಿಲ್ ಬರುವಾಗ ಅಗ್ಗದ ಕಾರ್ಡ್ ಅಗ್ಗವಾಗಿ ಉಳಿದಿರುವುದಿಲ್ಲ. 70 ವ್ಯಾಟ್‌ನ ಟಿ4 ಇದೇ ಲೆಕ್ಕದಲ್ಲಿ ತಿಂಗಳಿಗೆ 50 ಯೂನಿಟ್. ಅದಕ್ಕೆ ಬೇರೆ ಪವರ್ ಕೇಬಲ್ ಕೂಡ ಬೇಡ, ಮದರ್‌ಬೋರ್ಡ್ ಸ್ಲಾಟ್‌ನಿಂದಲೇ ಕರೆಂಟ್ ಎಳೆದುಕೊಳ್ಳುತ್ತದೆ.

ಹಳೆ ಕಾರ್ಡ್‌ಗಳ ಬಲೆ

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹೆಚ್ಚು ಕಾಣುವ ಹೆಸರುಗಳು ಟೆಸ್ಲಾ ಕೆ80 ಮತ್ತು ಟೆಸ್ಲಾ ಪಿ40. ಟೆಸ್ಲಾ ಎಂಬುದು ಎನ್‌ವಿಡಿಯಾ ತನ್ನ ಸರ್ವರ್ ಕಾರ್ಡ್‌ಗಳಿಗೆ ಮೊದಲು ಇಟ್ಟಿದ್ದ ಹೆಸರು, ಕಾರಿನ ಕಂಪೆನಿಗೂ ಇದಕ್ಕೂ ಸಂಬಂಧವಿಲ್ಲ.

2014ರ ಕೆ80ಗೆ 24 ಜಿಬಿ ಅಂತ ಬರೆದಿರುತ್ತದೆ. ಅದು ಒಂದೇ ಕಾರ್ಡ್‌ನಲ್ಲಿ ಎರಡು ಜಿಪಿಯು ಇರುವ ಮಾದರಿ, ಒಂದೊಂದಕ್ಕೆ 12 ಜಿಬಿ. 20 ಜಿಬಿಯ ಮಾಡೆಲ್ ಅದರಲ್ಲಿ ನೇರವಾಗಿ ಹಿಡಿಯುವುದಿಲ್ಲ. ಮೇಲಾಗಿ ಕ್ಯೂಡಾ 12ರಿಂದ ಆ ತಲೆಮಾರಿಗೆ ಬೆಂಬಲವೇ ನಿಂತಿದೆ. ಹೊಸ ಸಾಫ್ಟ್‌ವೇರ್ ಯಾವುದೂ ಸುಲಭಕ್ಕೆ ಓಡದು. ಇದನ್ನು ಯಾವ ಬೆಲೆಗೂ ಕೊಳ್ಳಬಾರದು.

2016ರ ಪಿ40 ಸ್ವಲ್ಪ ವಾಸಿ. 24 ಜಿಬಿ ನಿಜವಾಗಿಯೂ ಒಂದೇ ಜಿಪಿಯುವಿಗೆ ಸಿಗುತ್ತದೆ, ಎಫ್‌ಪಿ32ರಲ್ಲಿ 12 ಟೆರಾಫ್ಲಾಪ್ಸ್. ಆದರೆ ಎಫ್‌ಪಿ16ರಲ್ಲಿ ಅದರ ವೇಗ ಎಫ್‌ಪಿ32ರ ಅರುವತ್ತನಾಲ್ಕರಲ್ಲಿ ಒಂದು ಭಾಗ ಮಾತ್ರ. ಟೆನ್ಸರ್ ಕೋರ್ ಇಲ್ಲವೇ ಇಲ್ಲ. 2025ರಲ್ಲಿ ಬಂದ ಕ್ಯೂಡಾ 13 ಪಿ40 ಇರುವ ಪ್ಯಾಸ್ಕಲ್ ತಲೆಮಾರನ್ನೂ ವಿ100ರ ವೋಲ್ಟಾವನ್ನೂ ಕೈಬಿಟ್ಟಿದೆ. ಈಗ ಉಳಿದವರಲ್ಲಿ ಹಿರಿಯವನು ಟಿ4ನ ಟ್ಯೂರಿಂಗ್.

ಪಿ40, ಕೆ80 ಎರಡಕ್ಕೂ ಬೇಕಾದದ್ದು ಪ್ರೊಸೆಸರ್‌ಗೆ ಹೋಗುವ ಮಾದರಿಯ 8 ಪಿನ್ ಕೇಬಲ್. ಗೇಮಿಂಗ್ ಕಾರ್ಡ್‌ಗೆ ಹಾಕುವ 8 ಪಿನ್ ನೋಡಲು ಹಾಗೆಯೇ ಇದ್ದರೂ ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಸಾಲುಗಳು ಉಲ್ಟಾ. ಬಲವಂತದಿಂದ ತುರುಕಿದರೆ ಸುಟ್ಟುಹೋಗಬಹುದು. ಹಾಗೆಯೇ ಹೆಸರಿನ ಕೊನೆಗೆ ಎಸ್‌ಎಕ್ಸ್‌ಎಂ2 ಅಂತ ಇರುವ ವಿ100 ಅಗ್ಗಕ್ಕೆ ಕಂಡರೆ ಕೈ ಹಾಕುವಂತಿಲ್ಲ, ಅದು ಮಾಮೂಲಿ ಪಿಸಿಐಇ ಸ್ಲಾಟ್‌ಗೆ ಕೂರುವ ಕಾರ್ಡೇ ಅಲ್ಲ. ಹಳೆ ಮದರ್‌ಬೋರ್ಡ್ ಆದರೆ ಬಯೋಸ್‌ನಲ್ಲಿ 'ಅಬೌವ್ 4ಜಿ ಡಿಕೋಡಿಂಗ್' ಎಂಬ ಆಯ್ಕೆ ಉಂಟೋ ನೋಡಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಆನ್ ಆಗದೆ ಇರುವುದೂ ಉಂಟು.

ಖರೀದಿಸದೆಯೂ ಕೆಲಸ ಆಗುತ್ತದೆ

ಒಂದು ಸೆಮಿಸ್ಟರ್‌ನ ಪ್ರಾಜೆಕ್ಟ್‌ಗೆ ಕಾರ್ಡ್ ಖರೀದಿ ಹೆಚ್ಚಿನವರಿಗೆ ಬೇಕಾಗಿಯೇ ಇಲ್ಲ. ಕೊಲ್ಯಾಬ್‌ನಲ್ಲಿ ಟಿ4 ಉಚಿತ, ಸಮಯದ ಮಿತಿ ಮಾತ್ರ ಇದೆ. ಕ್ಯಾಗಲ್‌ನಲ್ಲಿ ಫೋನ್ ನಂಬರ್ ದೃಢೀಕರಿಸಿದರೆ ವಾರಕ್ಕೆ ಸುಮಾರು 30 ಗಂಟೆ ಜಿಪಿಯು ಸಿಗುತ್ತದೆ, ಎರಡು ಟಿ4 ಒಟ್ಟಿಗೆ ಬಳಸುವ ಅವಕಾಶವೂ ಉಂಟು. ದೊಡ್ಡ ಕೆಲಸಕ್ಕೆ 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 10,372 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟ ಇಂಡಿಯಾಎಐ ಮಿಷನ್ ಇದೆ. ಅದರಡಿ ವಿದ್ಯಾರ್ಥಿ, ಸಂಶೋಧಕ, ಸ್ಟಾರ್ಟಪ್‌ಗಳಿಗೆ ಎಚ್100ರಂಥ ಕಾರ್ಡ್‌ಗಳನ್ನು ಗಂಟೆಗೆ 100 ರೂಪಾಯಿಗಿಂತ ಕಡಿಮೆ ದರದಲ್ಲಿ ಕೊಡುವುದಾಗಿ ಸರಕಾರ ಹೇಳಿದೆ. ಕಾಲೇಜಿನ ಮೂಲಕ ಅರ್ಜಿ ಹಾಕುವ ದಾರಿ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಅರ್ಧಕ್ಕೆ ನಿಲ್ಲುವ ಟ್ರೈನಿಂಗ್‌ನ ತಲೆನೋವೂ ಕ್ಲೌಡ್‌ನಲ್ಲಿ ಕಡಿಮೆ.

ಅಷ್ಟಾದರೂ ಹಳೆ ಕಾರ್ಡೇ ಬೇಕು ಎನ್ನುವವರು ಹಣ ಕಳಿಸುವ ಮೊದಲು ಮಾರುವವನ ಹತ್ತಿರ ಒಂದು ವೀಡಿಯೊ ಕೇಳಬೇಕು. ಕಾರ್ಡ್ ಹಾಕಿದ ಕಂಪ್ಯೂಟರ್‌ನಲ್ಲಿ 'ಎನ್‌ವಿಡಿಯಾ-ಎಸ್‌ಎಂಐ' ಎಂಬ ಕಮಾಂಡ್ ಓಡಿಸಿ ತೋರಿಸಲಿ. ಅದರಲ್ಲಿ ಕಾರ್ಡ್‌ನ ಹೆಸರು, ಮೆಮೊರಿ, ಉಷ್ಣತೆ, ವ್ಯಾಟ್, ಇಸಿಸಿ ಲೆಕ್ಕ ಎಲ್ಲ ಒಂದೇ ಪರದೆಯಲ್ಲಿ ಬರುತ್ತದೆ. ಇಸಿಸಿ ಕಾಲಂನಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ಮೆಮೊರಿಯಲ್ಲಿ ದೋಷ ಕಂಡಿದೆ ಎಂದು ಅರ್ಥ. ಅರ್ಧ ಗಂಟೆ ಪೂರ್ಣ ಲೋಡ್‌ನಲ್ಲಿ ಓಡಿಸಿ ಪುನಃ ತೋರಿಸಿ ಅಂದಾಗ ಮಾರುವವ ನೆಪ ಹೇಳಿದರೆ ಆ ವ್ಯಾಪಾರವನ್ನು ಅಲ್ಲಿಗೇ ಬಿಡುವುದು.