ಭ್ರೂಣದ ಆಯ್ಕೆ: ಪರೀಕ್ಷೆಯ ಮಿತಿ, ಮನುಷ್ಯನ ಹೊಣೆ

1990ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಅಲನ್ ಹ್ಯಾಂಡಿಸೈಡ್ ಮತ್ತು ಸಂಗಡಿಗರು ಗರ್ಭಕ್ಕೆ ಸೇರಿಸುವ ಮುನ್ನವೇ ಭ್ರೂಣದ ಜೀವಕೋಶವೊಂದನ್ನು ತೆಗೆದು ಅದರ ಲಿಂಗವನ್ನು ಗುರುತಿಸಿದರು. ಗಂಡುಮಕ್ಕಳನ್ನು ಬಾಧಿಸುವ ಆನುವಂಶಿಕ ರೋಗಗಳಿಂದ ನೊಂದ ಕುಟುಂಬಗಳಿಗಾಗಿ ಅವರು ಹೆಣ್ಣು ಭ್ರೂಣಗಳನ್ನು ಆರಿಸಿದರು.

ಉದ್ದೇಶ ಚಿಕಿತ್ಸೆಯದಾಗಿತ್ತು, ಆದರೆ ಅದೇ ವಿದ್ಯೆ ಗಂಡುಮಗುವಿನ ವ್ಯಾಮೋಹಕ್ಕೂ ಸಾಧನವಾಗಬಲ್ಲದು. ಆದ್ದರಿಂದಲೇ ಭಾರತವು 1994ರ ಕಾಯ್ದೆಯನ್ನು 2003ರಲ್ಲಿ ತಿದ್ದಿ, ಗರ್ಭಧಾರಣೆಗೆ ಮುಂಚಿನ ಲಿಂಗ ಆಯ್ಕೆಯನ್ನೂ ನಿಷೇಧಿಸಿತು. 2007ರಲ್ಲಿ ಮಕ್ಕಾದ ಇಸ್ಲಾಮಿಕ್ ಫಿಕ್ಹ್ ಪರಿಷತ್ತು ಆನುವಂಶಿಕ ರೋಗ ತಡೆಯುವ ಅನಿವಾರ್ಯತೆಗಷ್ಟೇ ಲಿಂಗ ಆಯ್ಕೆಯನ್ನು ಅನುಮತಿಸಿತು. ಹೆಣ್ಣುಶಿಶುವನ್ನು ಜೀವಂತ ಹೂಳುತ್ತಿದ್ದ ಜಾಹಿಲಿಯ್ಯಾ ಕಾಲವನ್ನು ಕುರ್‌ಆನ್ ಖಂಡಿಸಿರುವುದನ್ನು ಬಲ್ಲವರಿಗೆ ಈ ಎಚ್ಚರ ಅಪರಿಚಿತವಲ್ಲ.

ಪರೀಕ್ಷೆಯ ತೀರ್ಪಾದರೂ ಅಂತಿಮವೇ? ಈಗಿನ ಪರೀಕ್ಷೆಯು ಭ್ರೂಣದ ಹೊರಪದರದ ಕೆಲವೇ ಕೋಶಗಳನ್ನು ನೋಡಿ ಇಡೀ ಭ್ರೂಣದ ಬಗ್ಗೆ ಊಹಿಸುತ್ತದೆ. 2015ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ದೋಷವುಳ್ಳ ಕೋಶಗಳೂ ಬೆರೆತಿವೆಯೆಂದು ಕಂಡ ಭ್ರೂಣಗಳನ್ನು 18 ಮಹಿಳೆಯರ ಗರ್ಭಕ್ಕೆ ಸೇರಿಸಿದಾಗ 6 ಆರೋಗ್ಯವಂತ ಶಿಶುಗಳು ಜನಿಸಿದವು. ಒಂದೇ ಜೀನಿನ ರೋಗವನ್ನು ಗುರುತಿಸುವುದು ಸಾಕಷ್ಟು ವಿಶ್ವಾಸಾರ್ಹ. ಆದರೆ ಅಸಂಖ್ಯ ಜೀನುಗಳ ಜೊತೆಗೆ ಪೋಷಣೆ, ಪರಿಸರಗಳೂ ರೂಪಿಸುವ ಬುದ್ಧಿಶಕ್ತಿಯನ್ನು ಅಂಕಗಳಲ್ಲಿ ಅಳೆಯುವುದು ಬರಿಯ ಸಂಭಾವ್ಯತೆಯ ಲೆಕ್ಕ.

ರೋಗದ ನೋವನ್ನು ತಡೆಯುವುದು ಕರುಣೆ. ಮಗುವನ್ನು ಮಾರುಕಟ್ಟೆಯ ಸರಕಿನಂತೆ ಆರಿಸುವುದು ಅಹಂಕಾರ. ಸಂತಾನವು ಅಲ್ಲಾಹನ ಅಮಾನತ್ತು. ಅದರ ಬೆಲೆಯನ್ನು ಯಾವ ವರದಿಯೂ ನಿರ್ಧರಿಸಲಾರದು.