ಕಪ್ಪೆಯ ಮೊಟ್ಟೆಯೊಳಗಿನ ಮಾತುಕತೆ

ಮುಂಗಾರು ಸುರಿದೊಡನೆ ನವಲಗುಂದ, ಅಣ್ಣಿಗೇರಿಯ ಎರೆಹೊಲಗಳ ಬದಿಯ ತಗ್ಗುಗಳಲ್ಲಿ ಕಪ್ಪೆಗಳು ಮೊಟ್ಟೆಯಿಡುತ್ತವೆ. ಕಪ್ಪೆಗಳ ಸಂತಾನೋತ್ಪತ್ತಿಯನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ಶ್ರೀನಿವಾಸ ಸೈದಾಪುರ ಅವರು ದೀರ್ಘಕಾಲ ಅಭ್ಯಸಿಸಿದರು. ಒಂದೇ ಮೊಟ್ಟೆಯಿಂದ ಹುಟ್ಟಿದ ಜೀವಕೋಶಗಳಲ್ಲಿ ಯಾವುದು ಕಣ್ಣು, ಯಾವುದು ಚರ್ಮ ಎಂದು ಹೇಳುವವರಾರು? ಇದು ಇನ್ನೂ ಹಳೆಯ ಪ್ರಶ್ನೆ.

ಜರ್ಮನಿಯ ಹಾನ್ಸ್ ಸ್ಪೇಮನ್ 1901ರಲ್ಲಿ ಕಪ್ಪೆಯ ಭ್ರೂಣದಲ್ಲಿ ಕಣ್ಣಿನ ಮೊಳಕೆಯನ್ನು ಕಾದ ಸೂಜಿಯಿಂದ ಸುಟ್ಟರು. ಅದರ ಮೇಲಿನ ಚರ್ಮದಿಂದ ಮಸೂರ ಮೂಡಲಿಲ್ಲ. ಅದಕ್ಕೆ ನೆರೆಯ ಅಂಗಾಂಶದ ಸಂದೇಶ ಬೇಕಿತ್ತು.

ಮುಂದೆ ಅವರ ಶಿಷ್ಯೆ ಹಿಲ್ಡೆ ಮ್ಯಾಂಗೋಲ್ಡ್, ಕಪ್ಪೆಯಂತೆಯೇ ಉಭಯವಾಸಿಯಾದ ನ್ಯೂಟ್‌ನ ಭ್ರೂಣದ ಚೂರೊಂದನ್ನು ಬೇರೆ ಬಣ್ಣದ ಇನ್ನೊಂದು ಜಾತಿಯ ಭ್ರೂಣದಲ್ಲಿ, ಹೊಟ್ಟೆಯಾಗಬೇಕಾದ ಕಡೆ ನೆಟ್ಟರು. ಅಲ್ಲಿ ಎರಡನೆಯ ಶರೀರವೇ ಮೂಡತೊಡಗಿತು! ಬಣ್ಣ ನೋಡಿದರೆ, ಅದರ ನರಮಂಡಲ ಬಹುಪಾಲು ಆಶ್ರಯ ಕೊಟ್ಟ ಭ್ರೂಣದ ಕೋಶಗಳದೇ. ನೆಟ್ಟ ಚೂರು ಆಜ್ಞಾಪಿಸಿತ್ತು, ನೆರೆಯವು ಪಾಲಿಸಿದ್ದವು.

ಈ ಪ್ರಬಂಧ ಅಚ್ಚಾದ 1924ರಲ್ಲೇ ಹಿಲ್ಡೆ 25ರ ಹರೆಯದಲ್ಲಿ ಬೆಂಕಿ ಅವಘಡದಿಂದ ತೀರಿಕೊಂಡರು. 1935ರ ನೊಬೆಲ್ ಪ್ರಶಸ್ತಿ ಸ್ಪೇಮನ್ ಒಬ್ಬರಿಗೇ ಸಂದಿತು. ಅಂಥ ಸಂದೇಶಗಳಲ್ಲೊಂದಾದ ‘ನಾಗ್ಗಿನ್’ ಎಂಬ ಪ್ರೋಟೀನಿನ ಜೀನು 1992ರಲ್ಲಿ ಕಪ್ಪೆಯಲ್ಲೇ ಪತ್ತೆಯಾಯಿತು.

ಬರುವ ಮಳೆಗಾಲದಲ್ಲಿ ತಗ್ಗಿನ ಮೊಟ್ಟೆಗಳನ್ನು ಕಂಡಾಗ ಹಿಲ್ಡೆಯವರನ್ನೂ ನೆನೆಯೋಣ.